ಸತ್ತ ಹಲ್ಲು, ಅರ್ಧ ಬೆಳೆದ ಬೇರು: 9 ವರ್ಷದ ಮಗಳಿಗೆ ಯಾವ ಚಿಕಿತ್ಸೆ?

ವಿಜಯನಗರದ ಅಮ್ಮ

ಮಗಳಿಗೆ 9 ವರ್ಷ. ಎರಡನೆಯ ತರಗತಿಯಲ್ಲಿದ್ದಾಗ ಶಾಲೆಯ ಮೆಟ್ಟಿಲಲ್ಲಿ ಮುಗ್ಗರಿಸಿ ಬಿದ್ದು ಮೇಲಿನ ನಡುವಿನ ಬಾಚಿಹಲ್ಲಿಗೆ ಪೆಟ್ಟು ಮಾಡಿಕೊಂಡಿದ್ದಳು. ತುದಿಯಲ್ಲಿ ಚೂರು ಹಾರಿಹೋಗಿತ್ತು, ಹಲ್ಲು ಸ್ವಲ್ಪ ಅಲ್ಲಾಡುತ್ತಿತ್ತು. ಆಮೇಲೆ ಗಟ್ಟಿಯಾಯಿತು, ನೋವೆಂದು ಅವಳು ಹೇಳಲೂ ಇಲ್ಲ. ಈಗ ಆ ಹಲ್ಲು ಬೂದುಬಣ್ಣಕ್ಕೆ ತಿರುಗಿದೆ. ಅದರ ನೇರಕ್ಕೆ ಒಸಡಿನ ಮೇಲೆ ಸಣ್ಣ ಗುಳ್ಳೆ ಏಳುತ್ತದೆ, ಒಡೆದು ಕೀವು ಬರುತ್ತದೆ, ಮಾಯುತ್ತದೆ, ಮತ್ತೆ ಏಳುತ್ತದೆ.

ನಮ್ಮ ಬಡಾವಣೆಯ ದಂತವೈದ್ಯರು ಎಕ್ಸ್‌-ರೇ ತೆಗೆದು, ಒಳಗಿನ ನರ ಸತ್ತಿದೆ, ಬೇರು ಪೂರ್ತಿ ಬೆಳೆದಿಲ್ಲವಾದ್ದರಿಂದ ಮಾಮೂಲಿ ರೂಟ್ ಕೆನಾಲ್ ಮಾಡಲು ಬರುವುದಿಲ್ಲ ಎಂದರು. ಬೇರಿನ ತುದಿ ಮುಚ್ಚಲು ಎಂಟಿಎ ಎಂಬ ಪದಾರ್ಥದ ಪ್ಲಗ್ ಹಾಕೋಣ ಎನ್ನುವುದು ಅವರ ಸಲಹೆ. ಇನ್ನೊಬ್ಬರನ್ನು ಕೇಳಿದೆವು. ಬೇರಿನೊಳಗೆ ರಕ್ತ ಬರಿಸಿ ಅದನ್ನು ಮತ್ತೆ ಬೆಳೆಸುವ ಚಿಕಿತ್ಸೆ ಇದೆ, ಪ್ಲಗ್ ಬೇಡ ಎಂದರು. ಸತ್ತದ್ದನ್ನು ಬಾಯಲ್ಲಿ ಇಟ್ಟುಕೊಳ್ಳಬಾರದು, ಕೀಳಿಸಿ ಎನ್ನುವುದು ನಮ್ಮ ಮಾವನವರ ಮತ. ನೋವೇ ಇಲ್ಲದ ಹಲ್ಲಿಗೆ ಇಷ್ಟೊಂದು ಅವಸರ ಬೇಕೇ? ಬೇಕಿದ್ದರೆ ಇವುಗಳಲ್ಲಿ ಯಾವುದು? ತಿಳಿದವರು ದಯವಿಟ್ಟು ಹೇಳಿ.

ಮಕ್ಕಳ ದಂತವೈದ್ಯೆ, ಜಯನಗರ

ನೋವಿಲ್ಲದಿರುವುದಕ್ಕೆ ಆ ಗುಳ್ಳೆಯೇ ಕಾರಣ ಅಮ್ಮ. ಬೇರಿನ ತುದಿಯ ಕೀವಿಗೆ ಹೊರದಾರಿ ಸಿಕ್ಕಿದೆ, ಒಳಗೆ ಒತ್ತಡ ಕಟ್ಟುತ್ತಿಲ್ಲ. ದಾರಿ ಮುಚ್ಚಿಕೊಂಡರೆ ಒಂದೇ ರಾತ್ರಿಯಲ್ಲಿ ತುಟಿ, ಕೆನ್ನೆ ಊದಿಕೊಳ್ಳಬಹುದು. ಹೊರಗೆ ಕಾಣದಿದ್ದರೂ ಬೇರಿನ ಸುತ್ತಲ ಮೂಳೆ ಕರಗುತ್ತಿರುತ್ತದೆ. ಆದ್ದರಿಂದ ರಜೆ ಬರಲಿ ಎಂದು ಮುಂದೂಡಬೇಡಿ. ಮೆಡಿಕಲ್ ಶಾಪ್‌ನಲ್ಲಿ ಆಂಟಿಬಯೋಟಿಕ್ ಮಾತ್ರೆ ಕೊಂಡು ನುಂಗಿಸುವುದೂ ಬೇಡ. ಸತ್ತ ಹಲ್ಲಿನೊಳಗೆ ರಕ್ತ ಸಂಚಾರವಿಲ್ಲ, ಮಾತ್ರೆ ಅಲ್ಲಿಗೆ ತಲುಪುವುದೇ ಇಲ್ಲ. ಗುಳ್ಳೆ ಕೆಲವು ದಿನ ಅಡಗುತ್ತದೆ, ಅಷ್ಟೆ.

ಇನ್ನು ಬೇರಿನ ವಿಷಯ. ಶಾಶ್ವತ ಹಲ್ಲು ಒಸಡು ಸೀಳಿ ಬರುವಾಗ ಅದರ ಬೇರು ಪೂರ್ತಿಯಾಗಿರುವುದಿಲ್ಲ. ಮೇಲಿನ ನಡುವಿನ ಬಾಚಿಹಲ್ಲು 7–8ನೆಯ ವಯಸ್ಸಿಗೆ ಬರುತ್ತದೆ, ಅದರ ಬೇರಿನ ತುದಿ ಮುಚ್ಚುವುದು ಸುಮಾರು 10ಕ್ಕೆ. ನಡುವಿನ ಈ ಅವಧಿಯಲ್ಲಿ ಬೇರನ್ನು ಉದ್ದ ಮಾಡುವುದು, ಗೋಡೆಯನ್ನು ಒಳಗಿನಿಂದ ದಪ್ಪ ಮಾಡುವುದು ಎಲ್ಲಕ್ಕೂ ಜೀವಂತ ತಿರುಳು, ಅಂದರೆ ನಿಮ್ಮ ವೈದ್ಯರು ನರ ಎಂದದ್ದು, ಬೇಕು. ಅದು ಸತ್ತ ದಿನ ಕೆಲಸ ನಿಂತುಹೋಗುತ್ತದೆ. ನಿಮ್ಮ ಮಗಳಿಗೆ 9 ತುಂಬಿದ್ದರೂ ಆ ಬೇರಿಗೆ ಇನ್ನೂ 7. ಎಕ್ಸ್‌-ರೇಯಲ್ಲಿ ಪಕ್ಕದ ಬಾಚಿಹಲ್ಲಿನ ಬೇರಿನ ಜೊತೆ ಹೋಲಿಸಿ ನೋಡಿ, ವ್ಯತ್ಯಾಸ ನಿಮಗೇ ಕಾಣುತ್ತದೆ.

ಇದರಿಂದ ಬರುವ ತೊಡಕು ಎರಡು ಬಗೆಯದು. ದೊಡ್ಡವರ ಹಲ್ಲಿನಲ್ಲಿ ಬೇರಿನ ಕಾಲುವೆ ತುದಿಗೆ ಹೋದಂತೆ ಕಿರಿದಾಗುತ್ತದೆ, ತುಂಬುವ ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ಪದಾರ್ಥ ಅಲ್ಲಿ ನಿಲ್ಲುತ್ತದೆ. ಇಲ್ಲಿ ತುದಿ ಅಗಲವಾಗಿ ತೆರೆದಿದೆ. ಒತ್ತಿದರೆ ಪದಾರ್ಥ ಮೂಳೆಯೊಳಕ್ಕೆ ಜಾರುತ್ತದೆ. ಗೋಡೆಯೂ ತೆಳು, ಆದ್ದರಿಂದ ಫೈಲ್ ಎಂಬ ಸೂಜಿಯಂಥ ಅರ ಹಾಕಿ ಉಜ್ಜುವಂತಿಲ್ಲ. ಉಜ್ಜಿದಷ್ಟೂ ಇನ್ನಷ್ಟು ತೆಳುವಾಗುತ್ತದೆ. ಈ ಎರಡನೆಯ ತೊಡಕೇ ಮುಂದೆ ಹೆಚ್ಚು ಕಾಡುವುದು. ಸೋಂಕನ್ನು ಹೇಗಾದರೂ ಗೆಲ್ಲಬಹುದು. ಒಸಡಿನ ಮಟ್ಟದಲ್ಲಿ ಬೇರು ಮುರಿದರೆ ಏನೂ ಮಾಡಲಾಗದು.

ಯಾವ ಚಿಕಿತ್ಸೆಗೂ ಮೊದಲು ಹಲ್ಲು ನಿಜವಾಗಿ ಸತ್ತಿದೆಯೇ ಎಂದು ಖಚಿತವಾಗಬೇಕು. ಬೇರು ಬೆಳೆಯುತ್ತಿರುವ ಹಲ್ಲಿನಲ್ಲಿ ತಂಪಿನ ಪರೀಕ್ಷೆ, ವಿದ್ಯುತ್ ಪರೀಕ್ಷೆ ಎರಡನ್ನೂ ನೆಚ್ಚಲಾಗದು. ಬದುಕಿರುವ ಹಲ್ಲೂ ಉತ್ತರ ಕೊಡದಿರಬಹುದು. ಪೆಟ್ಟು ಬಿದ್ದ ಹೊಸತರಲ್ಲಂತೂ ತಿಂಗಳುಗಟ್ಟಲೆ ಮಂಕಾಗಿರುತ್ತದೆ. ನಿಮ್ಮ ಮಗಳ ವಿಷಯದಲ್ಲಿ ಕೀವಿನ ಗುಳ್ಳೆಯೂ ಇದೆ, ಬೇರಿನ ಬೆಳವಣಿಗೆಯೂ ನಿಂತಿದೆ. ಸಂಶಯಕ್ಕೆ ಜಾಗವಿಲ್ಲ.

ಗಿರಿನಗರದ ರಾಯರು

ವಿಜಯನಗರದ ಮಾವನವರ ಪಕ್ಷಕ್ಕೆ ಒಬ್ಬನಾದರೂ ಇರಲಿ. ನಮ್ಮ ಕಾಲದಲ್ಲಿ ಕೆಟ್ಟ ಹಲ್ಲನ್ನು ಕೀಳಿಸಿ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಶಾಲೆಗೆ ಹೋಗುತ್ತಿದ್ದೆವು. ಈಗ ಮೂಳೆಯಲ್ಲಿ ಕೂರಿಸುವ ಕೃತಕ ಹಲ್ಲು, ಇಂಪ್ಲಾಂಟ್ ಎಂಬುದು ಬೇರೆ ಬಂದಿದೆ. ಮುರಿಯುತ್ತದೆ ಎಂದು ನೀವೇ ಹೇಳುವ ಹಲ್ಲಿಗೆ ವರ್ಷಗಟ್ಟಲೆ ಓಡಾಡಿ ಹಣ ಸುರಿಯುವ ಬದಲು ಆ ಹಣವನ್ನು ಇಂಪ್ಲಾಂಟಿಗೆ ಎತ್ತಿಡಬಾರದೇಕೆ?

ರೂಟ್ ಕೆನಾಲ್ ತಜ್ಞ, ಮಲ್ಲೇಶ್ವರ

ರಾಯರೇ, 9 ವರ್ಷದ ಮಗುವಿಗೆ ಇಂಪ್ಲಾಂಟ್ ಹಾಕುವಂತಿಲ್ಲ. ಇಂಪ್ಲಾಂಟ್ ಮೂಳೆಗೆ ಅಂಟಿಕೊಂಡು ಇದ್ದಲ್ಲೇ ಇರುತ್ತದೆ, ಸುತ್ತಲ ಹಲ್ಲುಗಳು ದವಡೆಯ ಜೊತೆ ಇಳಿದುಬರುತ್ತವೆ. ಹದಿನೈದಾಗುವಷ್ಟರಲ್ಲಿ ಅದು ಗಿಡ್ಡವಾಗಿ ಮೇಲೆ ಸಿಕ್ಕಿಹಾಕಿಕೊಂಡಂತೆ ಕಾಣುತ್ತದೆ. ದವಡೆಯ ಬೆಳವಣಿಗೆ ನಿಲ್ಲುವವರೆಗೆ ಕಾಯಲೇಬೇಕು. ಹೆಣ್ಣುಮಕ್ಕಳಲ್ಲಿ ಹದಿಹರೆಯದ ಕೊನೆ, ಗಂಡುಮಕ್ಕಳಲ್ಲಿ ಇನ್ನೂ ತಡ. ಇಂದು ಕಿತ್ತರೆ ಅಷ್ಟು ವರ್ಷ ಆ ಜಾಗದ ಮೂಳೆ ಸವೆಯುತ್ತದೆ, ಅಕ್ಕಪಕ್ಕದ ಹಲ್ಲು ಒಳಕ್ಕೆ ವಾಲುತ್ತದೆ. ಕೊನೆಗೆ ಇಂಪ್ಲಾಂಟಿಗೆ ವಯಸ್ಸಾಗುವಷ್ಟರಲ್ಲಿ ಅದನ್ನು ನಿಲ್ಲಿಸಲು ಮೂಳೆಯೇ ಇರುವುದಿಲ್ಲ.

ಈ ಹಲ್ಲು ಅರವತ್ತು ವರ್ಷ ಬಾಳುತ್ತದೆಂದು ಯಾರೂ ಮಾತು ಕೊಡುತ್ತಿಲ್ಲ. ಮಗು ದೊಡ್ಡವಳಾಗುವವರೆಗೆ ಜಾಗವನ್ನೂ ಮೂಳೆಯನ್ನೂ ಕಾದರೆ ಅದರ ಕೆಲಸ ಮುಗಿಯಿತು. ಮುಂದೆ ಬಾಳಿದ್ದೆಲ್ಲ ಲಾಭ.

ನನ್ನ ಮಟ್ಟಿಗೆ ಪ್ಲಗ್ ಸಾಕು. ಕಾಲುವೆಯನ್ನು ತೊಳೆದು, ಒಳಗೆ ಔಷಧವಿಟ್ಟು ಸೋಂಕು ಇಳಿಸಿ, ಬೇರಿನ ತುದಿಯಲ್ಲಿ 4–5 ಮಿಲಿಮೀಟರ್ ದಪ್ಪಕ್ಕೆ ಎಂಟಿಎ ಕೂರಿಸುತ್ತೇವೆ. ಅದು ಗಟ್ಟಿಯಾದ ಮೇಲೆ ತಡೆಗೋಡೆ ಸಿಕ್ಕಿತು, ಉಳಿದ ಜಾಗವನ್ನು ಗಟ್ಟಾ ಪರ್ಚಾದಿಂದ ತುಂಬಬಹುದು. ಹಲ್ಲಿನ ಕತ್ತಿನಲ್ಲಿ, ಅಂದರೆ ಒಸಡಿನ ಬಳಿಯ ಭಾಗದಲ್ಲಿ, ಗಟ್ಟಾ ಪರ್ಚಾ ತುಂಬದೆ, ಒಸಡಿನ ಮಟ್ಟ ದಾಟಿ ಬೇರಿನೊಳಗಿನವರೆಗೆ ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಅಂಟಿಸಿದರೆ ಬೇರಿಗೆ ಒಂದಿಷ್ಟು ಬಲವೂ ಬರುತ್ತದೆ. ಎರಡು ಮೂರು ಭೇಟಿಯಲ್ಲಿ ಮುಗಿಯುತ್ತದೆ, ಫಲಿತಾಂಶ ಹೀಗೇ ಎಂದು ಮೊದಲೇ ಹೇಳಬಹುದು. ಬೇರು ಬೆಳೆಸುತ್ತೇವೆ ಎಂದು ಹೇಳುವವರು ಹಾಗೆ ಹೇಳಲಾರರು.

ಗಿರಿನಗರದ ರಾಯರು

ಇಂಪ್ಲಾಂಟಿನ ವಿಷಯ ಒಪ್ಪಿದೆ. ಈ ಎಂಟಿಎ ಎಂದರೆ ಏನು ಡಾಕ್ಟರೇ?

ರೂಟ್ ಕೆನಾಲ್ ತಜ್ಞ, ಮಲ್ಲೇಶ್ವರ

ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ ಅವರ ತಂಡ ರೂಪಿಸಿದ್ದು, 1993ರಲ್ಲಿ ಮೊದಲ ವರದಿ ಬಂತು. ಅದರ ಬಹುಪಾಲು ಪೋರ್ಟ್‌ಲ್ಯಾಂಡ್ ಸಿಮೆಂಟ್.

ಗಿರಿನಗರದ ರಾಯರು

ಮೂವತ್ತು ವರ್ಷಕ್ಕೂ ಮಿಕ್ಕಿ ಲೋಕೋಪಯೋಗಿ ಇಲಾಖೆಯಲ್ಲಿ ಸೇತುವೆ, ಕಾಲುವೆ ಎಂದು ಸಿಮೆಂಟಿನ ಮಧ್ಯೆಯೇ ಕಳೆದವನು ನಾನು. ಮಗುವಿನ ಹಲ್ಲಿಗೆ ಸಿಮೆಂಟ್ ಎಂದರೆ ನಗಬೇಕೋ ಅಳಬೇಕೋ ತಿಳಿಯದು. ಗಟ್ಟಿಯಾಗಲು ನೀರುಣಿಸುವ ಕ್ಯೂರಿಂಗ್ ಹೇಗೆ ಮಾಡುತ್ತೀರಿ? ಒಂದು ಮೂಟೆ ತಂದರೆ ಬೆಂಗಳೂರಿನ ಎಲ್ಲ ಮಕ್ಕಳಿಗೂ ಆಗುತ್ತದಲ್ಲ, ನಿಮ್ಮ ಪುಟ್ಟ ಪೊಟ್ಟಣಕ್ಕೆ ಅಷ್ಟು ಬೆಲೆ ಏಕೆ?

ರೂಟ್ ಕೆನಾಲ್ ತಜ್ಞ, ಮಲ್ಲೇಶ್ವರ

ಕ್ಯೂರಿಂಗ್ ಪ್ರಶ್ನೆ ಸರಿಯಾಗಿದೆ ಸರ್, ನನ್ನ ವಿದ್ಯಾರ್ಥಿಗಳಿಗೂ ಅದು ತಟ್ಟನೆ ಹೊಳೆಯುವುದಿಲ್ಲ. ಬೇರೆ ದಂತ ಪದಾರ್ಥಗಳಿಗೆ ತೇವವೇ ಶತ್ರು. ಇದು ತೇವದಲ್ಲಿಯೇ ಗಟ್ಟಿಯಾಗುತ್ತದೆ. ಮೂಳೆಯ ಕಡೆಯಿಂದ ದೇಹದ ತೇವ ಸಿಗುತ್ತದೆ, ಮೇಲಿನಿಂದ ಒದ್ದೆ ಹತ್ತಿ ಇಟ್ಟು ಮುಚ್ಚಿ ಕಳುಹಿಸುತ್ತೇವೆ. ಮೂರು ನಾಲ್ಕು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಮುಂದಿನ ಭೇಟಿಯಲ್ಲಿ ಪರೀಕ್ಷಿಸಿ ಮೇಲಿನದನ್ನು ತುಂಬುತ್ತೇವೆ. ಗಟ್ಟಿಯಾಗುವಾಗ ಕ್ಷಾರೀಯವಾಗಿರುತ್ತದೆ, ಅದರ ಮೇಲೆ ಅಂಗಾಂಶ ಚೆನ್ನಾಗಿ ಹೊಂದಿಕೊಂಡು ಬೆಳೆಯುತ್ತದೆ.

ಮೂಟೆಯ ಸಿಮೆಂಟ್ ಬೇಡ. ಅದರಲ್ಲಿ ಆರ್ಸೆನಿಕ್, ಸೀಸದಂಥ ಕಲ್ಮಷ ಎಷ್ಟಿದೆ ಎಂದು ಯಾರೂ ಅಳೆದಿರುವುದಿಲ್ಲ, ಕಣಗಳೂ ದಪ್ಪ. ಎಂಟಿಎಯಲ್ಲಿ ಎಕ್ಸ್‌-ರೇಗೆ ಕಾಣುವಂತೆ ಬಿಸ್ಮತ್ ಆಕ್ಸೈಡ್ ಸೇರಿಸಿರುತ್ತಾರೆ. ಆ ಬಿಸ್ಮತ್ತೇ ಹಲ್ಲಿನ ಬಣ್ಣ ಕೆಡಿಸುವುದು. ಬಯೋಡೆಂಟಿನ್ ಎಂಬ ಇನ್ನೊಂದು ಸಿಮೆಂಟಿನಲ್ಲಿ ಬಿಸ್ಮತ್ ಬದಲು ಜಿರ್ಕೋನಿಯಂ ಆಕ್ಸೈಡ್ ಇದೆ. ಅದು ಸುಮಾರು 12 ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಪ್ಲಗ್ ಹಾಕಿದ ಭೇಟಿಯಲ್ಲಿಯೇ ಮೇಲಿನದನ್ನೂ ತುಂಬಿ ಮುಗಿಸಬಹುದು.

ಕಬ್ಬಿನಿಂದ ಹಲ್ಲು ಕಳೆದುಕೊಂಡವನು

ನನ್ನದು ಇವರು ಹೇಳುವುದಕ್ಕಿಂತ ಹಳೆಯ ಚಿಕಿತ್ಸೆ. ತೊಂಬತ್ತರ ದಶಕದಲ್ಲಿ ಚಿಕ್ಕವನಿದ್ದಾಗ ಕ್ರಿಕೆಟ್ ಚೆಂಡು ಮುಂದಿನ ಹಲ್ಲಿಗೆ ಬಡಿದು ಇದೇ ಸ್ಥಿತಿ ಬಂದಿತ್ತು. ಆಗ ಬೇರಿನೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟ್ ತುಂಬುತ್ತಿದ್ದರು. ಕೆಲವು ತಿಂಗಳಿಗೊಮ್ಮೆ ತೆಗೆದು ಹೊಸದು ಹಾಕುವುದು, ಎಕ್ಸ್‌-ರೇ, ಮತ್ತೆ ಹೊಸದು. ವರ್ಷಕ್ಕೂ ಮೇಲೆ ನಡೆಯಿತು. ಕೊನೆಗೆ ತುದಿಯಲ್ಲಿ ಗಟ್ಟಿಪೊರೆ ಕಟ್ಟಿದೆ ಎಂದು ಕಾಯಂ ಆಗಿ ತುಂಬಿದರು. ಚೆನ್ನಾಗಿಯೇ ಇತ್ತು. ಎಂಜಿನಿಯರಿಂಗ್ ಮುಗಿದ ಮೇಲೆ ಒಂದು ಸಂಕ್ರಾಂತಿಗೆ ಕಬ್ಬು ಸಿಗಿಯುವಾಗ ಒಸಡಿನ ಮಟ್ಟಕ್ಕೆ ಕಟ್ಟನೆ ಮುರಿಯಿತು. ನೋವೇನೂ ಆಗಲಿಲ್ಲ. ಕನ್ನಡಿ ನೋಡಿಕೊಂಡಾಗ ಮಾತ್ರ ಬಹಳ ಬೇಸರವಾಯಿತು.

ಆದರೆ ಮಲ್ಲೇಶ್ವರದ ಡಾಕ್ಟರು ಹೇಳಿದ್ದು ನಿಜ. ಅಷ್ಟರಲ್ಲಿ ನನಗೆ ಇಂಪ್ಲಾಂಟಿಗೆ ವಯಸ್ಸಾಗಿತ್ತು, ಮೂಳೆ ಗಟ್ಟಿಯಾಗಿತ್ತು, ಮೂಳೆ ಕಸಿ ಏನೂ ಬೇಕಾಗಲಿಲ್ಲ.

ಸ್ನಾತಕೋತ್ತರ ವಿದ್ಯಾರ್ಥಿ

ಮೇಲಿನವರ ಅನುಭವಕ್ಕೆ ದಾಖಲೆಯೂ ಇದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ವಿಧಾನ 1960ರ ದಶಕದ್ದು, 1966ರಲ್ಲಿ ಫ್ರ್ಯಾಂಕ್ ಎಂಬವರು ಅದನ್ನು ಪ್ರಚಾರಕ್ಕೆ ತಂದರು. ಅಪೆಕ್ಸಿಫಿಕೇಶನ್ ಎಂದು ಹೆಸರು. ತುದಿಯಲ್ಲಿ ಪೊರೆ ಕಟ್ಟಲು 6ರಿಂದ 24 ತಿಂಗಳು ಬೇಕು. ಪೊರೆ ಕಟ್ಟುತ್ತದೆ, ಬೇರಿನ ಗೋಡೆ ಒಂದು ಕೂದಲಷ್ಟೂ ದಪ್ಪವಾಗುವುದಿಲ್ಲ. ಸ್ವೀಡನ್ನಿನ ಸ್ವೆಕ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ರೀತಿ ಚಿಕಿತ್ಸೆ ಪಡೆದ ಬಾಚಿಹಲ್ಲುಗಳು ಕತ್ತಿನಲ್ಲಿ ಮುರಿದ ಪ್ರಮಾಣ ಬೇರು ಬಹುತೇಕ ಬೆಳೆದಿದ್ದವುಗಳಲ್ಲಿ 28%, ತೀರಾ ಎಳೆಯ ಬೇರಿನವುಗಳಲ್ಲಿ 77%. 2002ರಲ್ಲಿ ಆಂಡ್ರಿಯಾಸನ್ ತಂಡ ಕುರಿಯ ಹಲ್ಲುಗಳ ಮೇಲೆ ಪ್ರಯೋಗ ಮಾಡಿ, ಈ ಔಷಧವನ್ನು ದೀರ್ಘಕಾಲ ಒಳಗೆ ಬಿಟ್ಟರೆ ಸುಮಾರು ಒಂದು ವರ್ಷದಲ್ಲಿ ಹಲ್ಲಿನ ತಾಳಿಕೆ ಅರ್ಧಕ್ಕೆ ಇಳಿಯಬಹುದು ಎಂದು ತೋರಿಸಿತು. ಅಂದಿನಿಂದ ಇದನ್ನು ಕೆಲವು ವಾರಗಳ ಮಟ್ಟಿಗೆ ಸೋಂಕು ಇಳಿಸಲು ಬಳಸುವುದೇ ಹೆಚ್ಚು.

ಗಮನಿಸಬೇಕಾದ್ದು, 28 ಮತ್ತು 77ರ ನಡುವಿನ ಅಂತರ. ಪದಾರ್ಥ ಒಂದೇ, ಚಿಕಿತ್ಸೆ ಒಂದೇ. ಬದಲಾದದ್ದು ಬೇರು ಎಷ್ಟು ಬೆಳೆದಿತ್ತು ಎನ್ನುವುದು ಮಾತ್ರ.

ಮಕ್ಕಳ ದಂತವೈದ್ಯೆ, ಜಯನಗರ

ನಾನು ಹೇಳಬೇಕೆಂದಿದ್ದೂ ಇದನ್ನೇ. ಪ್ಲಗ್ ಹಾಕಿದರೆ ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ, ತೆಳು ಗೋಡೆ ತೆಳುವಾಗಿಯೇ ಉಳಿಯುತ್ತದೆ. ಅದಕ್ಕಾಗಿಯೇ ರೀವ್ಯಾಸ್ಕುಲರೈಸೇಶನ್, ಅಂದರೆ ನಿಮಗೆ ಎರಡನೆಯ ವೈದ್ಯರು ಹೇಳಿದ ರಕ್ತ ಬರಿಸುವ ಚಿಕಿತ್ಸೆ, ಹುಟ್ಟಿದ್ದು. ನಾರ್ವೆಯ ನ್ಯೂಗೋರ್ಡ್ ಓಸ್ಟ್‌ಬಿ 1961ರಲ್ಲಿಯೇ ಖಾಲಿ ಕಾಲುವೆಯಲ್ಲಿ ರಕ್ತ ಹೆಪ್ಪುಗಟ್ಟಿಸಿ ಏನಾಗುತ್ತದೆಂದು ನೋಡಿದ್ದರು. 2001ರಲ್ಲಿ ಜಪಾನಿನ ಇವಾಯಾ, 2004ರಲ್ಲಿ ಬ್ಯಾಂಕ್ಸ್ ಮತ್ತು ಟ್ರೋಪ್ ಮಕ್ಕಳ ಮುಂದವಡೆ ಹಲ್ಲುಗಳಲ್ಲಿ (ಕೋರೆಹಲ್ಲಿನ ಹಿಂದಿನವು) ಬೇರು ಮತ್ತೆ ಬೆಳೆದದ್ದನ್ನು ವರದಿ ಮಾಡಿದ ಮೇಲೆ ಜಗತ್ತಿನ ಕಣ್ಣು ಇತ್ತ ತಿರುಗಿತು.

ಮಾಡುವ ಬಗೆ ಹೀಗಿದೆ. ಮೊದಲ ಭೇಟಿಯಲ್ಲಿ ಎಂಜಲು ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಹಾಕಿ, ತೆರೆದು, ಕ್ರಿಮಿಗಳನ್ನು ಕೊಲ್ಲುವ 1.5% ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ನಿಧಾನವಾಗಿ, ಧಾರಾಳವಾಗಿ ತೊಳೆಯುತ್ತೇವೆ. ಫೈಲ್ ಕೆಲಸ ಇಲ್ಲವೆಂದೇ ಹೇಳಬಹುದು. ದೊಡ್ಡವರಿಗೆ ಬಳಸುವಷ್ಟು ಗಾಢವಾದ ದ್ರಾವಣ ಇಲ್ಲಿ ಬೇಡ, ಬೇರಿನ ತುದಿಯಾಚೆ ಇರುವ, ಹೊಸ ಅಂಗಾಂಶ ಬೆಳೆಸಬಲ್ಲ ಕಾಂಡಕೋಶಗಳು ಅದರಿಂದ ಸಾಯುತ್ತವೆ. ಸೂಜಿಯ ತುದಿ ಬೇರಿನ ತುದಿಗಿಂತ ಹಿಂದೆಯೇ ನಿಲ್ಲಬೇಕು. ತುದಿ ತೆರೆದಿರುವುದರಿಂದ ದ್ರಾವಣ ಆಚೆ ನುಗ್ಗಿದರೆ ತುಂಬಾ ಕೆಟ್ಟ ಊತ ಬರುತ್ತದೆ. ಆಮೇಲೆ ಔಷಧ ತುಂಬಿ 1ರಿಂದ 4 ವಾರ ಮುಚ್ಚುತ್ತೇವೆ.

ಗುಳ್ಳೆ ಮಾಯವಾಗಿದ್ದರೆ ಎರಡನೆಯ ಭೇಟಿ. ಈ ಸಲ ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿ ಅಡ್ರಿನಲಿನ್ ಇರಬಾರದು. ಇದ್ದರೆ ರಕ್ತನಾಳ ಮುದುಡಿ ನಮಗೆ ಬೇಕಾದ ರಕ್ತವೇ ಬರುವುದಿಲ್ಲ. 17% ಇಡಿಟಿಎ ಎಂಬ ದ್ರಾವಣದಿಂದ ತೊಳೆದರೆ ಡೆಂಟಿನ್ (ಹಲ್ಲಿನ ಒಳಗಿನ ಗಟ್ಟಿ ಪದರ) ಗೋಡೆಯಲ್ಲಿ ಹುದುಗಿರುವ ಬೆಳವಣಿಗೆಯ ಅಂಶಗಳು ಹೊರಬರುತ್ತವೆ. ಬಳಿಕ ಸಣ್ಣ ಫೈಲನ್ನು ಬೇರಿನ ತುದಿಯಿಂದ 2 ಮಿಲಿಮೀಟರಿನಷ್ಟು ಆಚೆ ಕೊಂಡೊಯ್ದು ರಕ್ತ ಜಿನುಗಿಸುತ್ತೇವೆ. ಆ ರಕ್ತದೊಂದಿಗೆ ಕಾಂಡಕೋಶಗಳೂ ಕಾಲುವೆಯೊಳಗೆ ಬರುತ್ತವೆ. ಹೆಪ್ಪುಗಟ್ಟಿದ ಮೇಲೆ ಅದರ ಮೇಲೆ ಬಯೋಡೆಂಟಿನ್ ಅಥವಾ ಎಂಟಿಎ, ಅದರ ಮೇಲೆ ಗಾಳಿಯೂ ಆಡದಂತೆ ಫಿಲ್ಲಿಂಗ್. ಮಗುವಿಗೆ ಇಂಜೆಕ್ಷನ್ ಬಿಟ್ಟರೆ ಹೆಚ್ಚು ಕಷ್ಟವಿಲ್ಲ, ಬಾಯಿ ತೆರೆದು ತಾಳ್ಮೆಯಿಂದ ಮಲಗಬೇಕು ಅಷ್ಟೆ.

ಯಲಹಂಕದ ಅಪ್ಪ

ಮಗನಿಗೆ ಇದನ್ನೇ ಮಾಡಿಸಿದ್ದೇವೆ. ಒಸಡಿನ ಗುಳ್ಳೆ ಬೇಗ ಹೋಯಿತು. ಮುಂದಿನ ಎಕ್ಸ್‌-ರೇಗಳಲ್ಲಿ ಬೇರಿನ ತುದಿಯ ಕಪ್ಪು ನೆರಳು ಕುಗ್ಗಿದ್ದು ನನ್ನಂಥ ಸಾಮಾನ್ಯನ ಕಣ್ಣಿಗೂ ಕಂಡಿತು. ಗೋಡೆ ಸ್ವಲ್ಪ ದಪ್ಪವಾಗಿದೆ ಎನ್ನುತ್ತಾರೆ, ಉದ್ದ ಏನೂ ಹೆಚ್ಚಿಲ್ಲ. ಆದರೆ ಹಲ್ಲಿನ ಬಣ್ಣ ಚಿಕಿತ್ಸೆಯ ನಂತರ ಇನ್ನೂ ಕಪ್ಪಾಯಿತು. ಹೀಗಾಗಬಹುದೆಂದು ನಮಗೆ ಮೊದಲೇ ಯಾರೂ ಹೇಳಿರಲಿಲ್ಲ. ಶಾಲೆಯಲ್ಲಿ ಹುಡುಗರು ಆಡಿಕೊಂಡು, ಅವನು ಫೋಟೋಗೆ ನಗುವುದನ್ನೇ ಬಿಟ್ಟಿದ್ದ. ಹಲ್ಲಿನ ಒಳಗಿಟ್ಟ ಔಷಧದಿಂದ ಹೀಗಾಯಿತು ಎಂದು ಆಮೇಲೆ ತಿಳಿಯಿತು. ಕೇಳಿ ತಿಳಿದುಕೊಂಡೇ ಮುಂದುವರಿಯಿರಿ.

ಸ್ನಾತಕೋತ್ತರ ವಿದ್ಯಾರ್ಥಿ

ಅದು ಬಹುಶಃ ಮೂರು ಆಂಟಿಬಯೋಟಿಕ್‌ಗಳ ಪೇಸ್ಟ್ ಇರಬೇಕು ಸರ್: ಸಿಪ್ರೊಫ್ಲಾಕ್ಸಸಿನ್, ಮೆಟ್ರೊನಿಡಜೋಲ್, ಮಿನೊಸೈಕ್ಲಿನ್. ಕ್ರಿಮಿಗಳನ್ನು ಕೊಲ್ಲುವುದರಲ್ಲಿ ಪ್ರಬಲ. ಬಣ್ಣ ಕೆಡಿಸುವುದು ಮಿನೊಸೈಕ್ಲಿನ್. ಈಗ ಅದನ್ನು ಬಿಟ್ಟು ಉಳಿದೆರಡನ್ನೇ ಬಳಸುತ್ತಾರೆ, ಇಲ್ಲವೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಡುತ್ತಾರೆ. ಮುಂದಿನ ಹಲ್ಲಾದರೆ ‘ಒಳಗೆ ಯಾವ ಔಷಧ, ಮೇಲೆ ಯಾವ ಸಿಮೆಂಟ್’ ಎಂದು ತಂದೆತಾಯಿ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಬೇರು ಮತ್ತೆ ಬೆಳೆಯುತ್ತದೆ ಎನ್ನುವ ಮಾತಿಗೂ ಒಂದು ಮಿತಿ ಹಾಕಬೇಕು. ಹೀಗೆ ಚಿಕಿತ್ಸೆಯಾದ ಮೇಲೆ ಬೇರೆ ಕಾರಣಕ್ಕೆ ಕೀಳಬೇಕಾಗಿ ಬಂದ ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಗೋಡೆಗೆ ಸೇರಿಕೊಂಡಿದ್ದು ಹೆಚ್ಚಾಗಿ ಸಿಮೆಂಟಮ್ (ಬೇರಿನ ಸಹಜ ಹೊರಪದರ, ಸಿಮೆಂಟ್ ಅಲ್ಲ) ಹಾಗೂ ಮೂಳೆಯನ್ನು ಹೋಲುವ ಅಂಗಾಂಶ. ನಿಜವಾದ ತಿರುಳು, ನಿಜವಾದ ಡೆಂಟಿನ್ ಸಿಗುವುದು ಅಪರೂಪ. ಅಮೆರಿಕದ ಎಂಡೊಡಾಂಟಿಸ್ಟರ (ರೂಟ್ ಕೆನಾಲ್ ತಜ್ಞರ) ಸಂಘವೂ ಗುರಿಗಳನ್ನು ಮೂರು ಹಂತವಾಗಿ ಇಟ್ಟಿದೆ: ಮೊದಲು ರೋಗಲಕ್ಷಣ ಹೋಗಿ ಮೂಳೆ ತುಂಬಿಕೊಳ್ಳಬೇಕು, ಆಮೇಲೆ ಗೋಡೆ ದಪ್ಪವಾಗುವುದು ಅಥವಾ ಬೇರು ಉದ್ದವಾಗುವುದು, ಕೊನೆಗೆ ಹಲ್ಲು ತಂಪಿಗೋ ವಿದ್ಯುತ್ತಿಗೋ ಸ್ಪಂದಿಸುವುದು. ಮೊದಲನೆಯದು ಬಹಳಷ್ಟು ಸಲ ಕೈಗೂಡುತ್ತದೆ. ಎರಡನೆಯದು ಆದರೆ ಒಳ್ಳೆಯದು ಎನ್ನುವಂಥದ್ದು.

ರೂಟ್ ಕೆನಾಲ್ ತಜ್ಞ, ಮಲ್ಲೇಶ್ವರ

ಈ ಮಾತನ್ನು ಗೋಡೆಯ ಮೇಲೆ ಬರೆದು ಹಾಕಬೇಕು. ಇನ್ನೊಂದು ಸೇರಿಸುತ್ತೇನೆ. ಮೊದಲ ವರದಿಗಳಲ್ಲಿ ಚೆನ್ನಾಗಿ ಬೆಳೆದವು ಮುಂದವಡೆ ಹಲ್ಲುಗಳು. ಅವುಗಳಿಗೆ ಪೆಟ್ಟಾಗಿರಲಿಲ್ಲ. ಕೆಲವು ಮಕ್ಕಳಲ್ಲಿ ಆ ಹಲ್ಲಿನ ಮೇಲೆ ಸಣ್ಣ ಮೊನೆಯೊಂದು ಹೆಚ್ಚುವರಿಯಾಗಿ ಇರುತ್ತದೆ. ಅಗಿಯುವಾಗ ಮೊನೆ ಮುರಿದರೆ ಅದರ ಮೂಲಕ ಸೋಂಕು ಒಳಸೇರುತ್ತದೆ, ಬೇರಿನ ತುದಿಯ ಅಂಗಾಂಶ ಪೆಟ್ಟಿಲ್ಲದೆ ಉಳಿದಿರುತ್ತದೆ. ಬಿದ್ದು ಅಲುಗಾಡಿದ ಬಾಚಿಹಲ್ಲಿನಲ್ಲಿ, ಬೇರನ್ನು ಬೆಳೆಸಬೇಕಾದ ತುದಿಯ ಅಂಗಾಂಶಕ್ಕೇ ಏಟು ಬಿದ್ದಿರಬಹುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು.

ವಿಜಯನಗರದ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದಗಳು. ನಮ್ಮ ವೈದ್ಯರನ್ನು ಮತ್ತೆ ಕೇಳಿದೆ. ಬೇರಿನ ಉದ್ದ ಮುಕ್ಕಾಲು ಪಾಲಿಗಿಂತ ಕಡಿಮೆ, ತುದಿ ಅಗಲವಾಗಿ ತೆರೆದಿದೆ, ಗೋಡೆ ತೆಳುವಾಗಿದೆ ಎಂದರು. ಇನ್ನೊಂದು ವಿಷಯ. ಯಜಮಾನರದು ಬ್ಯಾಂಕ್ ನೌಕರಿ, ಬರುವ ವರ್ಷ ಹುಬ್ಬಳ್ಳಿಗೆ ವರ್ಗವಾಗಬಹುದು. ಇದು ನಿರ್ಧಾರವನ್ನು ಬದಲಿಸುತ್ತದೆಯೇ?

ರೂಟ್ ಕೆನಾಲ್ ತಜ್ಞ, ಮಲ್ಲೇಶ್ವರ

ಖಂಡಿತ ಬದಲಿಸುತ್ತದೆ. ರಕ್ತ ಬರಿಸುವ ಚಿಕಿತ್ಸೆಯಲ್ಲಿ ವೈದ್ಯರ ಕೈಕೆಲಸ ಅರ್ಧ, ಉಳಿದರ್ಧ ಕಾಯುವುದು ಮತ್ತು ನೋಡುವುದು. 6 ತಿಂಗಳು, 12 ತಿಂಗಳು, 24 ತಿಂಗಳು, ಆಮೇಲೆಯೂ ವರ್ಷಕ್ಕೊಮ್ಮೆ. ನೋವು ಹೋಯಿತೆಂದು ಮರೆತು ಮೂರು ವರ್ಷದ ಮೇಲೆ ಮುಖ ಊದಿಸಿಕೊಂಡು ಬರುವವರನ್ನು ನೋಡಿದ್ದೇನೆ. ಪ್ಲಗ್‌ಗೂ ತಪಾಸಣೆ ಬೇಕು, ಆದರೆ ಅದು ಅಷ್ಟೊಂದು ಎಚ್ಚರವನ್ನು ಕೇಳುವುದಿಲ್ಲ. ಊರು ಬಿಡುವವರಾದರೆ ಪ್ಲಗ್ ಹಾಕಿಸಿ ನಿಶ್ಚಿಂತೆಯಿಂದ ಹೋಗಿ ಎನ್ನುತ್ತೇನೆ.

ಮಕ್ಕಳ ದಂತವೈದ್ಯೆ, ಜಯನಗರ

ಇಲ್ಲಿ ನಾನು ಡಾಕ್ಟರರ ಜೊತೆ ಒಪ್ಪುವುದಿಲ್ಲ. ಬೇರು ಬಹುತೇಕ ಬೆಳೆದು ಗೋಡೆ ದಪ್ಪವಿದ್ದರೆ ನಾನೂ ಪ್ಲಗ್ ಎಂದೇ ಹೇಳುತ್ತಿದ್ದೆ, ಸುಮ್ಮನೆ ರಕ್ತದ ಹಾದಿ ಹಿಡಿಯುವುದರಲ್ಲಿ ಅರ್ಥವಿಲ್ಲ. ಇದು ಗಿಡ್ಡ ಬೇರು, ತೆಳು ಗೋಡೆ, ಮಗುವಿಗೆ 9 ವರ್ಷ. ಇಂಥ ಹಲ್ಲು ಹತ್ತು ವರ್ಷ ಮುರಿಯದೆ ಬಾಳಬೇಕಾದರೆ ಗೋಡೆ ದಪ್ಪವಾಗುವ ಸಾಧ್ಯತೆಯನ್ನು ಬಿಟ್ಟುಕೊಡಬಾರದು. ಫಲಿಸದಿದ್ದರೆ ಆಮೇಲೆ ಪ್ಲಗ್ ಹಾಕಲು ಬಾಗಿಲು ತೆರೆದೇ ಇರುತ್ತದೆ. ಪ್ಲಗ್ ಹಾಕಿ ಕಾಲುವೆಯನ್ನು ತುಂಬಿದ ಮೇಲೆ ಹಿಂದಿರುಗುವುದು ಕಷ್ಟ.

ಹುಬ್ಬಳ್ಳಿಯೇನು ಕಾಡೇ? ಪಕ್ಕದ ಧಾರವಾಡದಲ್ಲಿ ದಂತ ಕಾಲೇಜಿದೆ. ಚಿಕಿತ್ಸೆಗೆ ಮೊದಲಿನ ಮತ್ತು ನಂತರದ ಎಕ್ಸ್‌-ರೇಗಳನ್ನು ನಿಮ್ಮ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಯಾವ ದಿನ ಏನು ಮಾಡಿದರು, ಯಾವ ಔಷಧ, ಯಾವ ಸಿಮೆಂಟ್ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಹೋಲಿಸಲು ಹಳೆಯ ಚಿತ್ರವಿಲ್ಲದಿದ್ದರೆ ಹೊಸ ಎಕ್ಸ್‌-ರೇ ನೋಡಿ ಯಾವ ವೈದ್ಯರೂ ಏನನ್ನೂ ಹೇಳಲಾರರು.

ರೂಟ್ ಕೆನಾಲ್ ತಜ್ಞ, ಮಲ್ಲೇಶ್ವರ

ಬಾಗಿಲು ತೆರೆದೇ ಇರುತ್ತದೆ ಎನ್ನುವುದು ಅರ್ಧ ಸತ್ಯ ಮೇಡಂ. ಮೇಲೆ ಕೂರಿಸಿದ ಸಿಮೆಂಟನ್ನು ಕೊರೆದು ತೆಗೆಯಬೇಕಲ್ಲ, ಆಗ ಆ ತೆಳು ಗೋಡೆಗೆ ತಗುಲದಿರುತ್ತದೆಯೇ? ಒಳಗೆ ಗಟ್ಟಿ ಪದಾರ್ಥ ಬೆಳೆದು ಕಾಲುವೆಯೇ ಮುಚ್ಚಿಹೋದರೆ? ಆದರೂ ಗೋಡೆ ತೆಳು ಎಂಬುದು ಖಚಿತವಿದ್ದು, ತಂದೆತಾಯಿ ತಪಾಸಣೆ ತಪ್ಪಿಸುವುದಿಲ್ಲ ಎಂದಾದರೆ ನಿಮ್ಮ ದಾರಿಗೆ ನಾನು ಅಡ್ಡ ಬರುವುದಿಲ್ಲ. ನನ್ನ ತಕರಾರು ಇರುವುದು ತೆರೆದ ಬೇರು ಕಂಡಕೂಡಲೇ ರಕ್ತ ಬರಿಸುವ ಉತ್ಸಾಹದ ಮೇಲೆ.

ಕೆಂಗೇರಿಯ ಸದಸ್ಯೆ

ಖರ್ಚಿನ ವಿಷಯ ಯಾರೂ ಎತ್ತಲಿಲ್ಲ. ನಮ್ಮಂಥವರಿಗೆ ಮೊದಲ ಪ್ರಶ್ನೆಯೇ ಅದು.

ಸ್ನಾತಕೋತ್ತರ ವಿದ್ಯಾರ್ಥಿ

ಖಾಸಗಿ ಕ್ಲಿನಿಕ್‌ಗಳಲ್ಲಿ ದರ ಒಂದೊಂದು ಕಡೆ ಒಂದೊಂದು, ಮೊದಲೇ ಕೇಳಿಕೊಳ್ಳಿ. ಕಾಲೇಜುಗಳಲ್ಲಿ ಬಹಳ ಕಡಿಮೆ. ಕೋಟೆ ಪ್ರದೇಶದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ಕಾಲೇಜು ಇದೆ, 1958ರಿಂದ ನಡೆಯುತ್ತಿದೆ. ಕೆ.ಆರ್. ಮಾರುಕಟ್ಟೆಯ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆದು ಹೋಗಬಹುದು. ಖಾಸಗಿ ದಂತ ಕಾಲೇಜುಗಳೂ ನಗರದಲ್ಲಿ ಹಲವಿವೆ. ಮಕ್ಕಳ ವಿಭಾಗ ಅಥವಾ ರೂಟ್ ಕೆನಾಲ್ ವಿಭಾಗವನ್ನು ಕೇಳಿ. ಕಾಯಬೇಕಾಗುತ್ತದೆ, ವಿದ್ಯಾರ್ಥಿ ಮಾಡುವುದನ್ನು ಪ್ರಾಧ್ಯಾಪಕರು ನೋಡುತ್ತಾರೆ, ಆದ್ದರಿಂದ ಪ್ರತಿ ಭೇಟಿಯೂ ಉದ್ದ. ಬೆಳಿಗ್ಗೆ ಬೇಗ ಹೋಗಿ, ಮಗುವಿಗೆ ತಿಂಡಿ ತಿನ್ನಿಸಿಕೊಂಡು ಹೋಗಿ.

ಯಲಹಂಕದ ಅಪ್ಪ

ಇದು ಓದುತ್ತಿರುವ ಬೇರೆ ತಂದೆತಾಯಿಯರಿಗಾಗಿ ಒಂದು ಪ್ರಶ್ನೆ. ಮಗು ಬಿದ್ದ ದಿನವೇ ಏನಾದರೂ ಮಾಡಿದ್ದರೆ ಹಲ್ಲು ಬದುಕುತ್ತಿತ್ತೇ?

ಮಕ್ಕಳ ದಂತವೈದ್ಯೆ, ಜಯನಗರ

ಅನೇಕ ಸಲ ಬದುಕುತ್ತದೆ. ಹಲ್ಲು ಮುರಿದು ಒಳಗಿನ ಕೆಂಪು ತಿರುಳು ಕಾಣುತ್ತಿದ್ದರೆ ಅದೇ ದಿನ ತೋರಿಸಿ. ಮೇಲಿನ 2 ಮಿಲಿಮೀಟರ್ ತಿರುಳನ್ನು ತೆಗೆದು ಸಿಮೆಂಟ್ ಮುಚ್ಚಿದರೆ ಉಳಿದದ್ದು ಬದುಕಿ, ಬೇರು ತಾನಾಗಿ ಬೆಳೆದು ಮುಗಿಯುತ್ತದೆ. ಹಲ್ಲು ಅಲುಗಾಡಿದ್ದರೆ ಅಥವಾ ಜಾಗ ಬಿಟ್ಟಿದ್ದರೆ, ಸರಿಹೋಯಿತು ಎಂದು ಸುಮ್ಮನಾಗದೆ ಮೊದಲ ವರ್ಷ ಹೇಳಿದ ದಿನಗಳಿಗೆ ತಪಾಸಣೆಗೆ ಬನ್ನಿ. ಬೇರು ತೆರೆದಿರುವ ಎಳೆಯ ಹಲ್ಲಿಗೆ ರಕ್ತನಾಳ ತಾನಾಗಿಯೇ ಮತ್ತೆ ಕೂಡಿಕೊಳ್ಳುವ ಶಕ್ತಿ ಇದೆ, ಆದ್ದರಿಂದ ಅವಸರಪಟ್ಟು ರೂಟ್ ಕೆನಾಲ್ ಶುರುಮಾಡುವುದೂ ಸರಿಯಲ್ಲ.

ಶಾಶ್ವತ ಹಲ್ಲು ಪೂರ್ತಿ ಕಿತ್ತುಬಂದರೆ ಬೇರನ್ನು ಮುಟ್ಟದೆ, ಬಿಳಿಯ ಭಾಗವನ್ನು ಹಿಡಿದೆತ್ತಿ. ಮಣ್ಣಾಗಿದ್ದರೆ ತಣ್ಣನೆಯ ಹಾಲಿನಲ್ಲಿ ಅಥವಾ ನೀರಿನಲ್ಲಿ ಒಂದು ಸಲ ಅದ್ದಿ, ಉಜ್ಜಬೇಡಿ. ಅದೇ ಕುಳಿಯಲ್ಲಿ ಕೂರಿಸಿ, ಕರವಸ್ತ್ರ ಕಚ್ಚಿಸಿ ಕರೆತನ್ನಿ. ಧೈರ್ಯ ಸಾಲದಿದ್ದರೆ ಹಾಲಿನಲ್ಲಿ ಹಾಕಿ ತನ್ನಿ. ಶಾಲೆಯ ಸುತ್ತ ಯಾವ ರಸ್ತೆಯಲ್ಲಾದರೂ ಒಂದು ನಂದಿನಿ ಬೂತ್ ಇದ್ದೇ ಇರುತ್ತದೆ. ನೀರಿನಲ್ಲಿ ನೆನೆಹಾಕಬೇಡಿ, ಒಣ ಕಾಗದದಲ್ಲಿ ಸುತ್ತಬೇಡಿ. ಒಂದು ಗಂಟೆ ಮೀರಿದರೆ ಅವಕಾಶ ಬಹಳ ಕುಗ್ಗುತ್ತದೆ. ಹಾಲುಹಲ್ಲನ್ನು ಮಾತ್ರ ಹೀಗೆ ಮರಳಿ ಕೂರಿಸಬಾರದು.

ಗಿರಿನಗರದ ರಾಯರು

ಮೊಮ್ಮಗನ ಶಾಲೆಗೆ ಇದನ್ನು ಕಾಗದದಲ್ಲಿ ಬರೆದು ಕೊಟ್ಟುಬರುತ್ತೇನೆ. ವಿಜಯನಗರದ ಅಮ್ಮನವರೇ, ನಿಮ್ಮ ಮಾವನವರಿಗೆ ಹೇಳಿ, ಅವರ ಪಕ್ಷದಲ್ಲಿದ್ದವನು ಈಗ ಇತ್ತ ಬಂದಿದ್ದಾನೆ ಎಂದು. ಸಿಮೆಂಟಿನ ಮೇಲೆ ನನಗೆ ನಂಬಿಕೆ ಇದೆ.

ವಿಜಯನಗರದ ಅಮ್ಮ

ಹೇಳುತ್ತೇನೆ ಸರ್! ಮುಂದಿನ ವಾರ ಮೊದಲ ಭೇಟಿ, ಮಿನೊಸೈಕ್ಲಿನ್ ಬೇಡವೆಂದು ಈಗಲೇ ತಿಳಿಸಿದ್ದೇನೆ. ಡಾಕ್ಟರೇ, ಅವಳು ಸ್ಕೇಟಿಂಗ್‌ಗೆ ಹೋಗುತ್ತಾಳೆ. ನಿಲ್ಲಿಸಬೇಕೇ?

ಮಕ್ಕಳ ದಂತವೈದ್ಯೆ, ಜಯನಗರ

ನಿಲ್ಲಿಸಬೇಡಿ, ಅಳತೆ ಕೊಟ್ಟು ಮೌತ್‌ಗಾರ್ಡ್ ಮಾಡಿಸಿ. ಅಂಗಡಿಯಲ್ಲಿ ಸಿಗುವುದು ಸಡಿಲ, ಮಕ್ಕಳು ಹಾಕಿಕೊಳ್ಳುವುದಿಲ್ಲ. ಈ ವಯಸ್ಸಿನಲ್ಲಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿರುವುದರಿಂದ ಅದು ಬೇಗ ಅಳತೆ ತಪ್ಪುತ್ತದೆ. ಪ್ರತಿ ತಪಾಸಣೆಗೂ ಅದನ್ನು ಜೊತೆಗೆ ತನ್ನಿ, ಕೂರದಿದ್ದರೆ ಹೊಸದು ಮಾಡೋಣ. ಅವಳ ಮುಂದಿನ ಹಲ್ಲುಗಳು ಉಬ್ಬಿದ್ದರೆ ಅದನ್ನೂ ತೋರಿಸಿ, ಉಬ್ಬುಹಲ್ಲಿನ ಮಕ್ಕಳಿಗೇ ಪೆಟ್ಟು ಹೆಚ್ಚು. ಆದರೆ ಈ ಹಲ್ಲಿಗೆ ಕ್ಲಿಪ್ ಹಾಕಿಸುವ ಮಾತನ್ನು ಬೇರಿನ ತುದಿಯ ಮೂಳೆ ತುಂಬಿಕೊಂಡದ್ದು ಎಕ್ಸ್‌-ರೇಯಲ್ಲಿ ಕಂಡ ಮೇಲೆ ಎತ್ತಿ.